ಕಿವಿಗೆ ಹೇಳುವ ಕಥೆ

ಪಂಚಭೂತಗಳಲ್ಲಿ ಒಂದೊಂದಕ್ಕೂ ಒಂದೊಂದು ವಿಶೇಷಗುಣವುಂಟೆಂಬುದು ತರ್ಕಶಾಸ್ತ್ರಕ್ಕೆ ಆಗತಾನೆ ಕೈಹಚ್ಚಿದ ಬಾಲಕನಿಗೂ ಪಾಠವಾಗುವ ಸಂಗತಿ. ಭೂಮಿಗೆ ಗಂಧ, ಜಲಕ್ಕೆ ರಸ, ತೇಜಸ್ಸಿಗೆ ರೂಪ, ವಾಯುವಿಗೆ ಸ್ಪರ್ಶ. ಉಳಿದ ಶಬ್ದವು ಆಕಾಶದ ಗುಣ. ಇಂದಿನ ಭೌತವಿಜ್ಞಾನವು ಇದನ್ನು ಹೀಗೆಯೇ ಒಪ್ಪುವುದಿಲ್ಲ. ಗಾಳಿಯಿಲ್ಲದ ಬರಿಯ ಬಯಲಿನಲ್ಲಿ ಶಬ್ದವು ಸಂಚರಿಸಲಾರದು. ಬಾನುಲಿಯ ನಿಲಯದಿಂದ ಹೊರಡುವುದು ಶಬ್ದವೂ ಅಲ್ಲ, ಶಬ್ದವನ್ನು ಹೊತ್ತ ವಿದ್ಯುತ್ಕಾಂತ ತರಂಗ. ಆದರೂ ದೂರದ ಮನುಷ್ಯನ ಮಾತು ಕಣ್ಣಿಗೆ ಕಾಣದ ದಾರಿಯಲ್ಲಿ ಬಂದು ಮನೆಯ ಪೆಟ್ಟಿಗೆಯೊಳಗೆ ಕೇಳಿಸಿದಾಗ, ಹಳೆಯ ತಾರ್ಕಿಕರ ಮಾತು ಪೂರ್ತಿ ಸುಳ್ಳಾಗಲಿಲ್ಲವೆಂದು ಹಿರಿಯರು ಸಂತೋಷಪಟ್ಟಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಸಂತೋಷಕ್ಕೆ ಒಂದು ಹೆಸರು ದೊರೆತದ್ದು ನಮ್ಮ ಮೈಸೂರಿನಲ್ಲಿ. ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಇಸವಿ ಸೆಪ್ಟೆಂಬರ್ ತಿಂಗಳಲ್ಲಿ ತಮ್ಮ ಸ್ವಂತ ಮನೆಯಲ್ಲಿಯೇ ಒಂದು ಬಾನುಲಿ ನಿಲಯವನ್ನು ಸ್ಥಾಪಿಸಿದರು. ಅದರ ಪ್ರಸಾರಯಂತ್ರದ ಶಕ್ತಿ 30 ವಾಟ್ ಮಾತ್ರ. ಹಿಂದೆ ಒಂದು ಸಣ್ಣ ಕೋಣೆಯ ದೀಪಕ್ಕೂ ಅದಕ್ಕಿಂತ ಹೆಚ್ಚು ಬೇಕಾಗುತ್ತಿದ್ದುದುಂಟು. ಆ ನಿಲಯದ ಹೆಸರೇ 'ಆಕಾಶವಾಣಿ'. ಈ ಹೆಸರನ್ನು ಸೂಚಿಸಿದವರು ಹಾಸ್ಯಸಾಹಿತಿಗಳಾದ ನಾ. ಕಸ್ತೂರಿಯವರೆಂದು ಹೇಳುವರು. ಪುರಾಣಗಳಲ್ಲಿ ಕಂಸನನ್ನು ಬೆಚ್ಚಿಬೀಳಿಸಿದ ಪದವು ಹೀಗೆ ಗೃಹಸ್ಥರ ನಡುಮನೆಯ ಪದವಾಯಿತು. 1950ರಲ್ಲಿ ಆ ನಿಲಯವು ಅಖಿಲ ಭಾರತ ಬಾನುಲಿಯಲ್ಲಿ ಸೇರಿಹೋಯಿತು. ಕೆಲವು ವರ್ಷಗಳ ತರುವಾಯ ಹೆಸರು ಮಾತ್ರ ಮೈಸೂರಿನಿಂದ ಹೊರಟು ದೇಶಕ್ಕೆಲ್ಲ ಸಂದಿತು. ಮನಸ್ಸಿನ ವ್ಯಾಪಾರಗಳನ್ನು ಅಭ್ಯಾಸಮಾಡಿದ ಒಬ್ಬ ವಿದ್ವಾಂಸರಿಗೆ ಈ ಯಂತ್ರದಲ್ಲಿ ಆಸಕ್ತಿ ಹುಟ್ಟಿದುದು ಉಚಿತವೇ ಸರಿ. ಏಕೆಂದರೆ ಬಾನುಲಿಯಲ್ಲಿ ಯಂತ್ರದ ಪಾಲು ಅರ್ಧ, ಕೇಳುವವನ ಮನಸ್ಸಿನ ಪಾಲು ಇನ್ನರ್ಧ.

ನಮ್ಮ ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡಾಗಿ ವಿಂಗಡಿಸಿದರು. ಅಚ್ಚಿನ ಯಂತ್ರವು ಬಂದಮೇಲೆ ಶ್ರವ್ಯವೆನ್ನಿಸಿದ ಕಾವ್ಯವೂ ಕಣ್ಣಿನ ವಶವಾಯಿತು. ಹೆಸರು ಶ್ರವ್ಯವಾಗಿಯೇ ಉಳಿದರೂ ಓದುವವನು ತುಟಿಯನ್ನೂ ಅಲುಗಿಸದೆ ಪುಟವನ್ನು ಮಗುಚುತ್ತ ಹೋಗುವನು. ಅದಕ್ಕೆ ಮುಂಚೆ ಕನ್ನಡನಾಡಿನಲ್ಲಿ ಅಕ್ಷರವರಿಯದವರೂ ಕಾವ್ಯವನ್ನು ಬಲ್ಲವರಾಗಿದ್ದರು. ಚಾವಡಿಯಲ್ಲಿಯೋ ಗುಡಿಯ ಮಂಟಪದಲ್ಲಿಯೋ ಗಮಕಿಯು ಕುಮಾರವ್ಯಾಸನ ಪದ್ಯಗಳನ್ನು ವಾಚಿಸುವನು, ಪಕ್ಕದಲ್ಲಿ ಕುಳಿತ ಮತ್ತೊಬ್ಬನು ಅರ್ಥ ಹೇಳುವನು, ಊರು ಕೇಳುವುದು. ಆ ಕಥೆಯಲ್ಲಿ ಹೇಳುವವನು ಕೇಳುವವರ ಮುಖವನ್ನು ನೋಡುತ್ತಿದ್ದನು. ಒಬ್ಬನು ಆಕಳಿಸಿದರೆ ಪ್ರಸಂಗವನ್ನು ಚುರುಕುಗೊಳಿಸುವನು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರೆ ಅದೇ ಪದ್ಯವನ್ನು ಇನ್ನೊಂದಾವರ್ತಿ ಹಾಡುವನು. ಬಾನುಲಿಯು ಕಾವ್ಯವನ್ನು ಮತ್ತೆ ಕಿವಿಗೆ ಕೊಟ್ಟಿತು. ಆದರೆ ಈ ಮುಖವನ್ನು ಕಸಿದುಕೊಂಡಿತು. ಹೇಳುವವನಿಗೆ ಕೇಳುವವನು ಕಾಣನು, ಕೇಳುವವನಿಗೆ ಹೇಳುವವನು ಕಾಣನು. ಈ ಎರಡು ಕುರುಡುಗಳ ನಡುವೆ ಕಥೆಯು ದಾಟಬೇಕು. ಬಾನುಲಿಯ ಕಥನಕಲೆಯೆಂಬುದೆಲ್ಲ ಈ ದಾಟುವಿಕೆಯ ಉಪಾಯ.

ಈ ಕೊರತೆಯನ್ನೇ ಬಂಡವಾಳವನ್ನಾಗಿ ಮಾಡಿಕೊಂಡ ಜಾಣರು ಇಂಗ್ಲೆಂಡಿನಲ್ಲಿ ಮೊದಲು ಕಾಣಿಸಿಕೊಂಡರು. 1924ನೆಯ ಜನವರಿಯಲ್ಲಿ ಬಿ. ಬಿ. ಸಿ.ಯವರು ರಿಚರ್ಡ್ ಹ್ಯೂಸ್ ಎಂಬ ತರುಣನು ಬಾನುಲಿಗೆಂದೇ ಬರೆದ ಕಿರುನಾಟಕವೊಂದನ್ನು ಪ್ರಸಾರಮಾಡಿದರು. ಅದರ ಹೆಸರು 'ಡೇಂಜರ್', ಎಂದರೆ ಅಪಾಯ. ಕಲ್ಲಿದ್ದಲಿನ ಗಣಿಯನ್ನು ನೋಡಲು ಇಳಿದ ಮೂವರು ಒಳಗಿರುವಾಗ ದೀಪ ಆರಿಹೋಗುತ್ತದೆ, ನೀರು ಏರತೊಡಗುತ್ತದೆ. ಇಡೀ ನಾಟಕವು ನಡೆಯುವುದು ಕತ್ತಲೆಯಲ್ಲಿ. ಕೇಳುವವನಿಗೆ ಏನೂ ಕಾಣುವುದಿಲ್ಲವೆಂಬುದು ಇಲ್ಲಿ ಲೋಪವಲ್ಲ. ಪಾತ್ರಗಳಿಗೂ ಏನೂ ಕಾಣುತ್ತಿಲ್ಲ. ಮನೆಯಲ್ಲಿ ಕುಳಿತ ಶ್ರೋತೃವು ಗಣಿಯೊಳಗಣ ನಾಲ್ಕನೆಯವನಾದನು. ಕಲೆಗೆ ಇರುವ ತಡೆಯನ್ನು ಕಥೆಯ ಒಳಕ್ಕೇ ಎಳೆದುಕೊಂಡರೆ ಅದು ತಡೆಯಾಗಿ ಉಳಿಯುವುದಿಲ್ಲವೆಂಬ ಪಾಠವನ್ನು ಈ ಚಿಕ್ಕ ನಾಟಕವು ಆಗಲೇ ಕಲಿಸಿತು.

ಅನಂತರ ಬಂದವರು ಶಬ್ದದಿಂದ ಚಿತ್ರ ಬರೆಯುವ ನಾನಾ ಕೌಶಲಗಳನ್ನು ಕಂಡುಹಿಡಿದರು. ಎರಡು ತೆಂಗಿನ ಕರಟಗಳನ್ನು ತಟ್ಟಿದರೆ ಕುದುರೆ ಓಡುವುದು; ತೆಳುವಾದ ತಗಡನ್ನು ಅಲುಗಿಸಿದರೆ ಗುಡುಗುವುದು; ಗರಿಗರಿಯಾದ ಹಾಳೆಯನ್ನು ಮೈಕಿನ ಬಳಿ ಹಿಸುಕಿದರೆ ಬೆಂಕಿ ಹತ್ತಿಕೊಳ್ಳುವುದು. ನಿಜವಾದ ಬೆಂಕಿಯ ಸದ್ದಿಗಿಂತ ಹಾಳೆಯ ಸದ್ದೇ ಬೆಂಕಿಯಂತೆ ಕೇಳಿಸುವುದೆಂಬುದು ವಿಚಿತ್ರವಾದರೂ, ಕಾವ್ಯಸತ್ಯಕ್ಕೂ ಲೋಕಸತ್ಯಕ್ಕೂ ಇರುವ ಅಂತರವನ್ನು ತಿಳಿದವರಿಗೆ ಅದು ಹೊಸತಲ್ಲ. ಆದರೆ ಈ ಸದ್ದುಗಳೆಲ್ಲಕ್ಕಿಂತ ಬಲವತ್ತರವಾದದ್ದು ಸದ್ದಿಲ್ಲದಿರುವಿಕೆ. 1938ನೆಯ ಅಕ್ಟೋಬರ್ 30ರ ರಾತ್ರಿ ಅಮೆರಿಕದಲ್ಲಿ ಆರ್ಸನ್ ವೆಲ್ಸ್ ಎಂಬ ನಟನು, ಮಂಗಳಗ್ರಹದವರು ಭೂಮಿಯ ಮೇಲೆ ದಂಡೆತ್ತಿ ಬರುವ ಎಚ್. ಜಿ. ವೆಲ್ಸರ ಕಾದಂಬರಿಯನ್ನು ವಾರ್ತಾಪ್ರಸಾರದ ವೇಷದಲ್ಲಿ ನುಡಿಸಿದನು. ಕೇಳಿದವರು ಗಾಬರಿಗೊಂಡರೆಂಬ ವಾರ್ತೆಯನ್ನು ಪತ್ರಿಕೆಗಳು ಬಹಳ ಉಬ್ಬಿಸಿದವೆಂದು ಈಚಿನ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಅದು ಹಾಗಿರಲಿ. ಆ ಪ್ರಸಾರದಲ್ಲಿ ಎಲ್ಲಕ್ಕೂ ಮಿಗಿಲಾದ ಭಯವಿರುವುದು ಶಸ್ತ್ರಗಳ ಸದ್ದಿನಲ್ಲಿ ಅಲ್ಲ. ಕಣ್ಣೆದುರಿನ ಸಂಗತಿಯನ್ನು ವರ್ಣಿಸುತ್ತಿದ್ದ ವರದಿಗಾರನ ಮಾತು ನಡುವೆಯೇ ಕಡಿದುಹೋಗಿ, ಕೆಲವು ಕ್ಷಣ ಏನೂ ಕೇಳಿಸದಿರುವುದರಲ್ಲಿ. ಧ್ವನಿಯೆಂಬುದು ಹೇಳದೆ ಉಳಿದ ಅರ್ಥವೆಂದು ಆನಂದವರ್ಧನನು ಸಾಧಿಸಿದನಷ್ಟೆ. ಬಾನುಲಿಯಲ್ಲಿ ಆ ಮಾತು ಅಕ್ಷರಶಃ ನಿಜವಾಗುವುದು.

ಕಂಠವೊಂದರ ಶಕ್ತಿ ಎಷ್ಟೆಂಬುದಕ್ಕೆ ಬೇರೆ ದೇಶಕ್ಕೆ ಹೋಗಬೇಕಾಗಿಲ್ಲ. ಮಹಾಲಯದ ಅರುಣೋದಯಕ್ಕೆ ಮುನ್ನ ಕಲ್ಕತ್ತೆಯ ನಿಲಯದಿಂದ 'ಮಹಿಷಾಸುರಮರ್ದಿನೀ' ಎಂಬ ಕಾರ್ಯಕ್ರಮವು 1930ರ ದಶಕದ ಆರಂಭದಿಂದ ಪ್ರಸಾರವಾಗುತ್ತ ಬಂದಿದೆ. ಬಾಣೀಕುಮಾರರ ರಚನೆ, ಪಂಕಜ ಮಲ್ಲಿಕರ ಸಂಗೀತ, ಬೀರೇಂದ್ರಕೃಷ್ಣ ಭದ್ರರ ಪಾಠ. ಮೊದಮೊದಲು ಕಲಾವಿದರು ನಸುಕಿನಲ್ಲಿಯೇ ನಿಲಯಕ್ಕೆ ಬಂದು ಪ್ರತ್ಯಕ್ಷವಾಗಿ ನುಡಿಸುತ್ತಿದ್ದರು. 1976ರಲ್ಲಿ ಅಧಿಕಾರಿಗಳು ಅದನ್ನು ನಿಲ್ಲಿಸಿ, ಚಲನಚಿತ್ರಲೋಕದ ಜನಪ್ರಿಯನಾಯಕರಾದ ಉತ್ತಮಕುಮಾರರ ಕಂಠದಲ್ಲಿ ಹೊಸ ಕಾರ್ಯಕ್ರಮವೊಂದನ್ನು ಪ್ರಸಾರಮಾಡಿಸಿದರು. ಜನರು ರೇಗಿದರು, ಹಳೆಯದು ಹಿಂತಿರುಗಿ ಬಂದಿತು. ಬಂಗಾಳಿಗಳಿಗೆ ಉತ್ತಮಕುಮಾರರ ಮೇಲೆ ಪ್ರೀತಿಯಿರಲಿಲ್ಲವೆಂದಲ್ಲ. ಕತ್ತಲೆಯಲ್ಲಿ ಎದ್ದು ಕುಳಿತು ವರ್ಷವರ್ಷವೂ ಕೇಳಿದ ಕಂಠವು ಮನೆಯ ಹಿರಿಯನ ಕಂಠವಾಗಿಬಿಟ್ಟಿತ್ತು. ಮನೆಯ ಹಿರಿಯನನ್ನು ಎಷ್ಟು ಪ್ರಸಿದ್ಧನಾದರೂ ಪರಸ್ಥಳದವನಿಗಾಗಿ ಯಾರು ತಾನೆ ಬಿಟ್ಟುಕೊಟ್ಟಾರು?

ಇಂದಿನ ದಿನಗಳಲ್ಲಿ ಇದೇ ಕಲೆಯು 'ಪಾಡ್‌ಕಾಸ್ಟ್' ಎಂಬ ಹೊಸ ಉಡುಪಿನಲ್ಲಿ ಬಂದಿದೆ. ಆ ಪದವು ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಮೊದಲು ಕಾಣಿಸಿದ್ದು 2004ರಲ್ಲಿ. ಬಾನುಲಿಯಲ್ಲಿ ಕಥೆಯ ಹೊತ್ತಿಗೆ ಕೇಳುವವನು ಕಾದಿರಬೇಕು. ಇಲ್ಲಿ ಕೇಳುವವನ ಹೊತ್ತಿಗೆ ಕಥೆಯೇ ಕಾದಿರುವುದು. ಅಲ್ಲಿ ಮನೆಮಂದಿಯೆಲ್ಲ ಪೆಟ್ಟಿಗೆಯ ಸುತ್ತ ಕುಳಿತು ಕೇಳಿದರೆ, ಇಲ್ಲಿ ಒಬ್ಬೊಬ್ಬನೂ ತನ್ನ ಕಿವಿಯೊಳಗೆ ಸಿಕ್ಕಿಸಿಕೊಂಡು ಬಸ್ಸಿನಲ್ಲಿಯೋ ಅಡುಗೆಯ ಮನೆಯಲ್ಲಿಯೋ ಒಂಟಿಯಾಗಿ ಕೇಳುವನು. 2014ರಲ್ಲಿ ಅಮೆರಿಕದ 'ಸೀರಿಯಲ್' ಎಂಬ ಮಾಲಿಕೆಯು 1999ರಲ್ಲಿ ನಡೆದ ಕೊಲೆಯ ಪ್ರಕರಣವೊಂದನ್ನು 12 ಕಂತುಗಳಲ್ಲಿ ಹೇಳಿ ಲೋಕವನ್ನೆಲ್ಲ ಕೇಳುವಂತೆ ಮಾಡಿತು. ಹೇಳಿದ ಮಹಿಳೆಯು ಎಲ್ಲವನ್ನೂ ಬಲ್ಲವಳಂತೆ ಹೇಳಲಿಲ್ಲ. ತನ್ನ ಸಂಶಯಗಳನ್ನೂ ತಪ್ಪುಹೆಜ್ಜೆಗಳನ್ನೂ ಕೇಳುವವರ ಮುಂದಿಟ್ಟಳು. ಅದರ ಆಕರ್ಷಣೆಗೆ ಇದೇ ಕಾರಣ. ಆದರೆ ಕೊಲೆಯಾದ ಹುಡುಗಿಗೆ ತಾಯಿತಂದೆಗಳಿದ್ದರು. ಕಿವಿಯ ಕಥೆಯು ಹೃದಯಕ್ಕೆ ಬೇಗ ಇಳಿಯುವುದರಿಂದಲೇ, ನಿಜವಾದ ದುಃಖವನ್ನು ಕಂತುಕಂತಾಗಿ ರಸವನ್ನಾಗಿ ಮಾಡುವವನಿಗೆ ಹೊಣೆಯೂ ಹೆಚ್ಚು. ಕಲ್ಪಿತಕಥೆಯಲ್ಲಿ ಶೋಕವು ಕರುಣರಸವಾಗುವುದು. ನೆರೆಮನೆಯ ಶೋಕವನ್ನು ಹಾಗೆ ಆಸ್ವಾದಿಸಲು ಯಾವ ಶಾಸ್ತ್ರದಲ್ಲಿಯೂ ಅನುಮತಿಯಿಲ್ಲ.

ಕಿವಿಗೆ ಬರೆಯುವ ಕ್ರಮವೇ ಬೇರೆ. ವಾಕ್ಯಾರ್ಥವು ತಿಳಿಯಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಇರಬೇಕೆಂದು ಶಾಸ್ತ್ರಕಾರರು ಹೇಳಿದರು. ಅಚ್ಚಿನ ಪುಟದಲ್ಲಿ ಸನ್ನಿಧಿಯು ಸ್ವಲ್ಪ ಕೆಟ್ಟರೂ ಬಾಧೆಯಿಲ್ಲ; ಓದುವವನ ಕಣ್ಣು ಹಿಂದಕ್ಕೆ ಹೋಗಿ ಕರ್ತೃಪದವನ್ನು ಹುಡುಕಿ ತರಬಲ್ಲದು. ಕಿವಿಗೆ ಹಿಂದಿರುಗುವ ದಾರಿಯಿಲ್ಲ. ಅದರಲ್ಲಿಯೂ ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬರುವುದರಿಂದ, ನಡುವೆ ನಾಲ್ಕು ವಿಶೇಷಣವಾಕ್ಯಗಳನ್ನು ತುರುಕಿದರೆ, ಏನಾಯಿತೆಂದು ತಿಳಿಯುವ ಹೊತ್ತಿಗೆ ಯಾರಿಗಾಯಿತೆಂಬುದು ಮರೆತುಹೋಗಿರುವುದು. ಇನ್ನೊಂದು ತೊಡಕುಂಟು. ನಾವು ಮಾತನ್ನು ಮೊದಲು ಬರೆದು 'ಎಂದು ರಾಮನು ಹೇಳಿದನು' ಎಂಬುದನ್ನು ಕೊನೆಗೆ ಸೇರಿಸುವೆವು. ಉದ್ಧರಣಚಿಹ್ನೆಯನ್ನು ಕಂಡ ಕಣ್ಣಿಗೆ ಇದು ಸುಗಮ. ಕಿವಿಗೆ ಮಾತೆಲ್ಲ ಮುಗಿದಮೇಲೆ ಆಡಿದವನ ಪರಿಚಯವಾಗುವುದು. ಆದುದರಿಂದ ಬಾನುಲಿಗೆ ಬರೆಯುವವನು ಹೆಸರನ್ನು ಮುಂದಕ್ಕೆ ತರಬೇಕು, ಇಲ್ಲವೆ ಓದುವವನು ಕಾಕುವಿನಿಂದಲೇ ಆಳನ್ನು ಗುರುತಿಸಬೇಕು. 'ಅವನು', 'ಇವನು' ಎಂಬ ಸರ್ವನಾಮಗಳಲ್ಲಿ ಜಿಪುಣತನವೂ, ಹೆಸರುಗಳಲ್ಲಿ ಔದಾರ್ಯವೂ ಇರಬೇಕು. ನಮ್ಮ ಅಜ್ಜಿಯರು ಇದನ್ನೆಲ್ಲ ಯಾರಿಂದಲೂ ಕಲಿಯದೆ ಬಲ್ಲವರಾಗಿದ್ದರು. ಒಂದೂರಿನಲ್ಲಿ ಒಬ್ಬ ರಾಜ, ಆ ರಾಜನಿಗೆ ಇಬ್ಬರು ಹೆಂಡಿರು, ಆ ಇಬ್ಬರಲ್ಲಿ ಕಿರಿಯವಳಿಗೆ ಒಬ್ಬ ಮಗ: ಒಂದೊಂದು ವಾಕ್ಯವೂ ಹಿಂದಿನದರ ಕೈಹಿಡಿದೇ ಹೆಜ್ಜೆಯಿಡುವುದು.

ಇಷ್ಟನ್ನೂ ಓದಿ ತಿಳಿದವರಿಗೆ ಕಥೆ ಹೇಳಲು ಬಂದೇಬರುವುದೆಂದು ನಂಬುವ ಹಾಗಿಲ್ಲ. ಮೈಸೂರಿನ ಹಳೆಯ ಅಗ್ರಹಾರವೊಂದರಲ್ಲಿ ವೃದ್ಧದಂಪತಿಗಳಿದ್ದಾರೆ. ಯಜಮಾನರು ಸಂಸ್ಕೃತಪಾಠಶಾಲೆಯಲ್ಲಿ ಓದಿ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹೈಸ್ಕೂಲಿನಲ್ಲಿ ಕನ್ನಡ ಬೋಧಿಸಿ ನಿವೃತ್ತರಾದವರು. ಅವರ ಪತ್ನಿಗೆ ಓದೆಂದರೆ ಪ್ರಾಣ. ಊಟವಾಗಿ ಅಡುಗೆಮನೆ ಸಾರಿಸಿದಮೇಲೆ ಆಕೆ ಕಿಟಕಿಯ ಬಳಿ ಪುಸ್ತಕ ಹಿಡಿದು ಕುಳಿತರೆ, ಸಂಜೆಯ ದೀಪ ಹಚ್ಚುವವರೆಗೆ ಆ ಮನೆಯಲ್ಲಿ ಮಾತಿಲ್ಲ. ಗ್ಲಾಕೋಮವು ಆಕೆಯ ದೃಷ್ಟಿಯನ್ನು ಸದ್ದಿಲ್ಲದೆ ಅಂಚುಗಳಿಂದ ತಿನ್ನುತ್ತ ಬಂದು, ವೈದ್ಯರಿಗೆ ತೋರಿಸುವ ಹೊತ್ತಿಗೆ ಬಹುಭಾಗವನ್ನು ಒಯ್ದಿತ್ತು. ಆ ರೋಗದಲ್ಲಿ ಹೋದ ದೃಷ್ಟಿ ಹಿಂತಿರುಗುವುದಿಲ್ಲ. ಉಳಿದದ್ದೂ ಎರಡು ವರ್ಷಗಳಲ್ಲಿ ಹೋಯಿತು.

ಯಜಮಾನರು ತಾವೇ ಓದಿ ಹೇಳುವೆನೆಂದು ಕುಳಿತರು. ಮಾಸ್ತಿಯವರ ಸಣ್ಣಕಥೆಗಳಿಂದ ಆರಂಭವಾಯಿತು. ಅವರ ಉಚ್ಚಾರಣೆ ಸ್ಪಷ್ಟ. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಕೂದಲೆಳೆಯಷ್ಟು ದೋಷವಿಲ್ಲ. ಹತ್ತು ಹದಿನೈದು ದಿನ ಕಳೆದಮೇಲೆ ಆಕೆ, "ಸಾಕು ಬಿಡಿ, ನಿಮಗೆ ಗಂಟಲು ನೋಯುತ್ತದೆ" ಎನ್ನತೊಡಗಿದರು. ಮೊದಲು ಒಂದು ಕಥೆ ಓದುತ್ತಿದ್ದುದು ಅರ್ಧ ಕಥೆಯಾಯಿತು, ಅರ್ಧವು ಒಂದು ಪುಟವಾಯಿತು, ಕಡೆಗೆ ಪುಸ್ತಕವನ್ನು ತೆಗೆಯುವುದೇ ನಿಂತಿತು. ಕಣ್ಣು ಹೋದಾಗಲೂ ಅಷ್ಟು ಕುಗ್ಗದಿದ್ದ ಆಕೆ ಮಧ್ಯಾಹ್ನಗಳಲ್ಲಿ ಗೋಡೆಯ ಕಡೆಗೆ ತಿರುಗಿ ಮಲಗುವುದನ್ನು ಕಂಡು ಯಜಮಾನರಿಗೆ ಹೆದರಿಕೆಯಾಯಿತು. ಒಂದು ದಿನ ಒತ್ತಾಯದಿಂದ ಪುಸ್ತಕ ತೆಗೆದು ಓದಲಾರಂಭಿಸಿದರು. ಎರಡು ನಿಮಿಷ ಕೇಳಿದ್ದು ಆಕೆ ಮೆಲ್ಲನೆ ಹೇಳಿದರು: "ಇಷ್ಟು ಗಟ್ಟಿಯಾಗಿ ಯಾರಿಗೆ ಓದುತ್ತೀರಿ? ಇರುವವಳು ನಾನೊಬ್ಬಳೇ ಅಲ್ಲವೆ?"

ಆ ಮಾತು ಅವರಿಗೆ ಚುಚ್ಚಿತು. ಕೋಪವೂ ಬಂದಿತು. ಅದೇ ವಾರ ಬೆಂಗಳೂರಿನಿಂದ ಮೊಮ್ಮಗಳು ಬಂದಳು. ಪಾಡ್‌ಕಾಸ್ಟುಗಳಿಗೆ ಧ್ವನಿಮುದ್ರಣ ಮಾಡಿಕೊಡುವುದು ಅವಳ ಉದ್ಯೋಗ. ಸಂಗತಿಯನ್ನು ಅಜ್ಜಿಯಿಂದ ಕೇಳಿ ತಿಳಿದು, ಏನನ್ನೂ ಆಡದೆ, ತಾತನ ಓದನ್ನು ಮುದ್ರಿಸಿ ಅವರಿಗೇ ಕೇಳಿಸಿದಳು. ತಮ್ಮ ಕಂಠವನ್ನು ಹೊರಗಿನಿಂದ ಕೇಳಿದವರಿಗೆ ಮೊದಲು ಅದು ಪರಕೀಯವಾಗಿ ತೋರುವುದು ಸಹಜ. ತಲೆಯ ಎಲುಬಿನ ಮೂಲಕ ಒಳಗೇ ಕೇಳುತ್ತಿದ್ದ ಗಾಂಭೀರ್ಯವು ಯಂತ್ರದಲ್ಲಿ ಇರುವುದಿಲ್ಲ. ಆದರೆ ಅವರಿಗೆ ಕೇಳಿಸಿದ್ದು ಅಷ್ಟೇ ಅಲ್ಲ. ಕೊನೆಯ ಬೆಂಚಿನ ಹುಡುಗನಿಗೂ ಕೇಳಿಸಬೇಕೆಂದು ಎತ್ತಿದ ಕಂಠ ಅದು. ಪ್ರತಿವಾಕ್ಯದ ಕೊನೆಯಲ್ಲಿಯೂ ಪ್ರಶ್ನೆ ಕೇಳುವವರ ಬಿಗಿ. ಎಳವೆಯಲ್ಲಿ ಬಾಯಿಪಾಠ ಮಾಡಿದ ಪಾಣಿನೀಯಶಿಕ್ಷೆಯು ಅವರಿಗೆ ನೆನಪಾಯಿತು. ಅಧಮಪಾಠಕರು ಆರು ಬಗೆಯವರೆಂದು ಅದು ಎಣಿಸುತ್ತದೆ: ರಾಗವೆಳೆದು ಓದುವವನು, ಅವಸರದಿಂದ ಓದುವವನು, ತಲೆಯಾಡಿಸುತ್ತ ಓದುವವನು, ಬರೆದದ್ದನ್ನು ನೋಡಿಯೇ ಓದುವವನು, ಅರ್ಥವರಿಯದೆ ಓದುವವನು, ಕ್ಷೀಣಕಂಠದವನು. ಕೊನೆಯ ಎರಡು ದೋಷಗಳು ತಮ್ಮಲ್ಲಿಲ್ಲವೆಂದು ಅವರು ಸಮಾಧಾನಪಟ್ಟುಕೊಂಡರು. ಮೊದಲ ನಾಲ್ಕೂ ಇದ್ದವು.

ತಲೆಯಾಡಿಸುವುದು ಏಕೆ ದೋಷವೆಂಬುದು ಆವರೆಗೆ ಅವರಿಗೆ ತಿಳಿದೇ ಇರಲಿಲ್ಲ. ನೋಡುವವರಿಗೆ ಅಸಹ್ಯವೆಂದಿಷ್ಟೇ ಭಾವಿಸಿದ್ದರು. ಮೊಮ್ಮಗಳು ಕಾರಣ ತೋರಿಸಿದಳು. ಮೈಕು ಒಂದೇ ಕಡೆ ಇರುವ ಕಿವಿ; ಬಾಯಿ ಅತ್ತಿತ್ತ ತಿರುಗಿದರೆ ಕಂಠವು ತೂಗುಯ್ಯಾಲೆಯಂತೆ ಬಳಿಗೆ ಬಂದು ದೂರ ಸರಿಯುವುದು. ಗೇಣಳತೆಯಲ್ಲಿ ಕುಳಿತು ಮೆಲ್ಲನೆ ಆಡಿದರೆ ಕಂಠದ ತುಂಬು ತಾನಾಗಿಯೇ ಬರುವುದು. ಅವರು ಇಷ್ಟು ಶ್ರಮಪಟ್ಟು ಸಾಧಿಸಿದ ಮಹಾಪ್ರಾಣಗಳು, ಫಕಾರ ಭಕಾರಗಳು, ಮೈಕಿನ ಮೇಲೆ ಗುದ್ದಿದಂತೆ ಕೇಳಿಸುತ್ತಿದ್ದವು. ಅವಳು ಅಡ್ಡವಾಗಿ ತೆಳುವಾದ ಬಟ್ಟೆಯ ತೆರೆಯನ್ನು ಕಟ್ಟಿದಳು. ಬರಿಯ ಗೋಡೆಗಳ ಕೋಣೆಯಲ್ಲಿ ಮಾರ್ದನಿಯೇಳುವುದೆಂದು ಹಾಸಿಗೆ ರಜಾಯಿಗಳಿದ್ದ ಕೋಣೆಗೆ ಕರೆದೊಯ್ದಳು. ಫ್ಯಾನನ್ನು ನಿಲ್ಲಿಸಿದಳು. ಇದೆಲ್ಲ ಯಂತ್ರದ ಮಾತು. ಕಡೆಗೆ ಅವಳು ಒಂದು ಕುರ್ಚಿಯನ್ನು ಎದುರಿಗೆ ಹಾಕಿ, "ತಾತ, ಮೈಕಿಗೆ ಓದಬೇಡಿ. ಇಲ್ಲಿ ಅಜ್ಜಿಯನ್ನು ಕೂರಿಸುತ್ತೇನೆ. ಅಜ್ಜಿಗೆ ಹೇಳಿ. ಯಂತ್ರ ಅದನ್ನು ಕದ್ದು ಕೇಳಲಿ" ಎಂದಳು.

ಅಂದು ಅವರು ಕಥೆಯನ್ನು ಮೊದಲೇ ಎರಡಾವರ್ತಿ ಮನಸ್ಸಿನಲ್ಲಿ ಓದಿಕೊಂಡು ಬಂದಿದ್ದರು. ಪುಸ್ತಕವು ತೊಡೆಯ ಮೇಲಿತ್ತು. ಕಣ್ಣು ಹೆಚ್ಚಾಗಿ ಎದುರಿನ ಮುಖದ ಮೇಲಿತ್ತು. ಮಾಸ್ತಿಯವರ ಗದ್ಯವು ಯಾರೋ ಪರಿಚಿತರು ಜಗಲಿಯಲ್ಲಿ ಕುಳಿತು ಹೇಳುವಂತೆ ನಡೆಯುವುದೆಂದು ತರಗತಿಯಲ್ಲಿ ವರ್ಷವರ್ಷವೂ ಅವರು ಬರೆಯಿಸಿದ್ದ ಟಿಪ್ಪಣಿಯು ಅಂದು ಅವರ ಬಾಯಲ್ಲಿ ಅನುಭವವಾಯಿತು. ಒಂದು ಸ್ಥಳದಲ್ಲಿ ಆಕೆಯ ಹುಬ್ಬು ಮೇಲೆದ್ದಿತು. ಅವರು ತಡೆದು ನಿಂತರು. ಆ ಮೌನದಲ್ಲಿ ಆಕೆ ಮುಂದೇನಾಗುವುದೆಂದು ತಾನೇ ಊಹಿಸಿ ನಕ್ಕರು. ಹೆಣ್ಣುಹುಲಿಯು ಮರಿಗಳನ್ನು ಹಲ್ಲಿನಲ್ಲಿ ಕಚ್ಚಿ ಒಯ್ಯುವಾಗ ಬೀಳಬಾರದು, ನೋಯಲೂ ಬಾರದು ಎಂಬ ಎಚ್ಚರದಿಂದ ಒಯ್ಯುವಂತೆ ಅಕ್ಷರಗಳನ್ನು ಉಚ್ಚರಿಸಬೇಕೆಂದು ಅದೇ ಶಿಕ್ಷಾಗ್ರಂಥವು ಹೇಳುತ್ತದೆ. ಅದುವರೆಗೆ ಅವರ ಅಕ್ಷರಗಳು ಬೀಳುತ್ತಿರಲಿಲ್ಲ, ನಿಜ, ಆದರೆ ನೋಯುತ್ತಿದ್ದವು.

ಈಗ ಆ ಮನೆಯಲ್ಲಿ ಮಧ್ಯಾಹ್ನದ ಓದು ತಪ್ಪಿಲ್ಲ. ಮೊಮ್ಮಗಳು ಮುದ್ರಿಸಿಕೊಂಡ ಕೆಲವು ಕಂತುಗಳನ್ನು ಪರದೇಶದಲ್ಲಿರುವ ನೆಂಟರ ಮಕ್ಕಳು ರಾತ್ರಿ ಮಲಗುವಾಗ ಕೇಳುವರಂತೆ. ಕನ್ನಡದ ಅಕ್ಷರಗಳನ್ನು ಓದಲು ಬಾರದ, ಕೇಳಿದರೆ ಮಾತ್ರ ಅರ್ಥಮಾಡಿಕೊಳ್ಳುವ ಮಕ್ಕಳು ಅವು. ಚಾವಡಿಯಲ್ಲಿ ಕುಳಿತು ಭಾರತವನ್ನು ಕೇಳಿದ ನಿರಕ್ಷರಿಗೂ ಈ ಮಕ್ಕಳಿಗೂ ದೂರವು ಎಷ್ಟೇ ಇರಲಿ, ಭಾಷೆಯು ಇಬ್ಬರನ್ನೂ ತಲುಪಿದ ಬಾಗಿಲು ಒಂದೇ. ಕೆಲವು ಕಂತುಗಳಲ್ಲಿ ಕಥೆಯ ನಡುವೆ ಒಂದು ಸಣ್ಣ ನಗು ಕೇಳಿಸುತ್ತದೆ. ಇನ್ನೊಂದರಲ್ಲಿ, "ಅಯ್ಯೋ, ಪಾಪ" ಎಂಬ ಮಾತು. ಮುದ್ರಣದ ದೋಷವೆಂದು ಯಜಮಾನರು ಅದನ್ನು ತೆಗೆದುಹಾಕಲು ಹೇಳಿದರು. ಮೊಮ್ಮಗಳು ಒಪ್ಪಲಿಲ್ಲ. ಆಕೆಯ ದನಿಯಿಲ್ಲದಿದ್ದರೆ ತಾತ ಯಾರಿಗೆ ಹೇಳುತ್ತಿರುವರೆಂಬುದು ಮಕ್ಕಳಿಗೆ ತಿಳಿಯುವುದಾದರೂ ಹೇಗೆ?